ಗುಂಡಿ ತೋಡಿದವನೇ ಮುಚ್ಚಲಿ



ವಯನಾಡಿನಲ್ಲಿ ನಮ್ಮ ಪಾಡಿಯ ಮೇಲಿನ ಗುಡ್ಡದಲ್ಲಿ ಗರಸು ತೆಗೆದು ಬಿಟ್ಟ ಕ್ವಾರಿಯೊಂದಿದೆ. ಕಳೆದ ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ತಪಾಸಣೆಗೆ ಅಧಿಕಾರಿಗಳು ಬಂದರು. ಯೂನಿಯನ್ ಪರವಾಗಿ ನಾನೂ ಹೋಗಿ ನಿಂತಿದ್ದೆ. ಜೀಪು ಕ್ವಾರಿಯ ಬಾಯಿಯ ಹತ್ತಿರ ನಿಂತಿತು. ಅಂಚಿನಲ್ಲಿ ಹೊಸದಾಗಿ ನೆಟ್ಟ ಸಸಿಗಳ ಸಾಲು. ಪಕ್ಕದಲ್ಲಿ ಹೊಸ ಬಣ್ಣದ ಬೋರ್ಡು. ಫೋಟೋ ತೆಗೆದರು, ಕಾಗದದ ಮೇಲೆ ಗುರುತು ಹಾಕಿಕೊಂಡರು, ಹೊರಟುಹೋದರು. ಗುಂಡಿಯೊಳಕ್ಕೆ ಯಾರೂ ಇಳಿಯಲಿಲ್ಲ. ಕೆಳಗಿನ ಪಾಡಿಯವರನ್ನು ಒಂದು ಮಾತೂ ಕೇಳಲಿಲ್ಲ. ಮೇ ತಿಂಗಳ ಹೊತ್ತಿಗೆ ಅರ್ಧ ಸಸಿಗಳು ಒಣಗಿದ್ದವು, ಉಳಿದರ್ಧವನ್ನು ಆಡುಗಳು ತಿಂದಿದ್ದವು. ಜೂನ್ ಮಳೆಗೆ ಗುಂಡಿ ತುಂಬಿ, ಕೆಂಪು ನೀರು ಮನೆಗಳ ಹಿಂದೆ ಹರಿಯಿತು.

ತಪಾಸಣೆಯ ದಿನ ಟೀ ಸೊಪ್ಪು ತೂಕಕ್ಕೆ ಹಾಕಿ ಬರುತ್ತಿದ್ದ ಅಕ್ಕ ಒಬ್ಬರು, "ಉಪದೇಶಿಗಳೇ, ಅವರು ಬಂದದ್ದು ಗುಂಡಿ ನೋಡಲಿಕ್ಕೋ, ಬೋರ್ಡು ನೋಡಲಿಕ್ಕೋ?" ಎಂದು ಕೇಳಿದರು. ಅಂದು ನಾನು ಸುಮ್ಮನಿದ್ದೆ. ಇಂದು ನನ್ನ ಅಭಿಪ್ರಾಯ ಇಷ್ಟು: ಗುಂಡಿಯ ಕೆಳಗೆ ಮಲಗುವವರು ಹಾಜರಿಲ್ಲದ ತಪಾಸಣೆ ತಪಾಸಣೆಯೇ ಅಲ್ಲ. ಆ ದಿನ ನಾನೊಬ್ಬನೇ ಹೋದದ್ದು ಸಾಲಲಿಲ್ಲ. ಏನು ನೋಡಬೇಕು, ಏನು ಕೇಳಬೇಕು ಎಂದು ತಿಳಿಯದೆ ಹೋದದ್ದು ನನ್ನ ತಪ್ಪು.

ಕಾನೂನು ನಮ್ಮ ಪಕ್ಷದಲ್ಲಿಲ್ಲವೆಂದು ಯಾರೂ ತಿಳಿಯಬಾರದು. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರ ಫೆಬ್ರವರಿ 27ರಂದು ಹೇಳಿತು. 2020ರ ಜನವರಿ 8ರಂದು ಅದೇ ಕೋರ್ಟು ಇನ್ನೊಂದು ಆಜ್ಞೆ ಮಾಡಿತು: ಗಣಿ ಕೆಲಸ ಮುಗಿದ ಮೇಲೆ ಗುತ್ತಿಗೆ ಪಡೆದವನೇ ಕೆಟ್ಟ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಗಿಡಮರಗಳಿಗೂ ಪ್ರಾಣಿಗಳಿಗೂ ಯೋಗ್ಯವಾಗುವಂತೆ ಮಾಡಿಕೊಡಬೇಕು, ಈ ಷರತ್ತನ್ನು ಕೇಂದ್ರ ಸರ್ಕಾರ ವಿಧಿಸಬೇಕು. 2006ರ ಪರಿಸರ ಅಧಿಸೂಚನೆಯ ಪ್ರಕಾರ, ಅನುಮತಿ ಪಡೆದವನು ವರ್ಷಕ್ಕೆರಡು ಸಲ, ಜೂನ್ 1ಕ್ಕೂ ಡಿಸೆಂಬರ್ 1ಕ್ಕೂ, ಷರತ್ತುಗಳನ್ನು ಪಾಲಿಸಿದ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ, ಗುಟ್ಟಿನ ಕಾಗದವಲ್ಲ.

ಹಾಗಾದರೆ ನಾವು ನೋಡಬೇಕಾದದ್ದೇನು? ಮೊದಲು ಮೇಲ್ಮಣ್ಣು. ಗುಡ್ಡ ಕಡಿಯುವಾಗ ಮೇಲಿನ ಕಪ್ಪು ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಕಾಪಾಡಿರಬೇಕು. ಅದನ್ನು ಮಾರಿಬಿಟ್ಟಿದ್ದರೆ ಬರಿಯ ಗರಸಿನ ಮೇಲೆ ಹುಲ್ಲು ಕೂಡ ಹಿಡಿಯದು. ಎರಡನೆಯದು ಗುಂಡಿಯ ಗೋಡೆ. ಗರಸು ಮಣ್ಣಿನ ಗೋಡೆಯ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಂದು ಮೆಟ್ಟಿಲು ಒಂದೂವರೆ ಮೀಟರಿಗಿಂತ ಎತ್ತರವಿರಬಾರದು ಎಂದು 1961ರ ಗಣಿ ನಿಯಮಾವಳಿಯಲ್ಲೇ ಬರೆದರು. ಒಂದೂವರೆ ಮೀಟರು ಎಂದರೆ ಸುಮಾರು ಐದು ಅಡಿ. ನಮ್ಮ ಗುಡ್ಡದಲ್ಲಿ ಗೋಡೆ ಮೂರಾಳು ಎತ್ತರಕ್ಕೆ ನೆಟ್ಟಗೆ ನಿಂತಿದೆ. ಮೂರನೆಯದು ನೀರಿನ ದಾರಿ. ಗುಂಡಿಯ ಸುತ್ತ ಚರಂಡಿಯಿದೆಯೇ? ಕೆಸರು ತಂಗುವ ಹೊಂಡವಿದೆಯೇ? ನಾಲ್ಕನೆಯದು ಬೇಲಿ. ಶಾಲೆ ಬಿಟ್ಟ ಮಕ್ಕಳು ಈಜಲಿಳಿಯುವುದು ಇಂಥ ನೀರಿಗೇ. ಕೊನೆಯದು ಸಸಿ. ನೆಟ್ಟ ದಿನ ಎಣಿಸಿದರೆ ಪ್ರಯೋಜನವಿಲ್ಲ. ಒಂದು ಬೇಸಿಗೆ ದಾಟಿದ ಮೇಲೆ ಎಣಿಸಬೇಕು. ತಪಾಸಣೆಯೂ ಬೇಸಿಗೆಯಲ್ಲಿ ಮಾತ್ರ ನಡೆದರೆ ಸಾಲದು. ಗುಂಡಿಯ ನಿಜಸ್ಥಿತಿ ತಿಳಿಯುವುದು ಮಳೆಯಲ್ಲಿ.

2019ರ ಆಗಸ್ಟ್ 8ರಂದು ಪುತ್ತುಮಲದಲ್ಲಿ, 2024ರ ಜುಲೈ 30ರಂದು ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಏನಾಯಿತೆಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಎರಡನೆಯದರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪಾಡಿಗಳೇ ಕೊಚ್ಚಿಹೋದವು. ಅವಕ್ಕೆ ಕ್ವಾರಿ ಕಾರಣವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಸುರಿದ ಮಳೆಯೇ ಭಯಂಕರವಾಗಿತ್ತು. ಆದರೆ ನೀರು ಕುಡಿದ ಗುಡ್ಡ ಎಷ್ಟು ಬೇಗ ಜಾರುತ್ತದೆಂದು ಕಂಡ ಮೇಲೂ, ತಲೆಯ ಮೇಲೆ ಬಾಯಿ ತೆರೆದ ಗುಂಡಿಯಿಟ್ಟುಕೊಂಡು ಮಲಗುವುದು ವಿಶ್ವಾಸವಲ್ಲ, ಅಜಾಗ್ರತೆ.

ನಮ್ಮವರಲ್ಲೇ ಕೆಲವರು, "ಅಣ್ಣಾ, ದೂರು ಕೊಟ್ಟರೆ ಕ್ವಾರಿ ನಿಲ್ಲುತ್ತದೆ, ನಮ್ಮ ಕೂಲಿಯೂ ನಿಲ್ಲುತ್ತದೆ" ಎನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಸ್ಟೇಟಿನಲ್ಲಿ ಕೆಲಸ ಕಡಿಮೆಯಾದ ವಾರಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಕ್ವಾರಿಯ ಕೂಲಿಯಿಂದಲೇ. ಆದರೆ ಗುಂಡಿ ತುಂಬಿಸುವುದು, ಇಳಿಜಾರು ಕಡಿಯುವುದು, ಚರಂಡಿ ತೋಡುವುದು, ಸಸಿಗೆ ನೀರು ಹಾಕುವುದು ಕೂಡ ಕೆಲಸವಲ್ಲವೇ? ಗುಡ್ಡ ಅಗೆದಾಗ ಕೂಲಿ ಸಿಕ್ಕಿದಂತೆ ಗುಡ್ಡ ಸರಿಪಡಿಸುವಾಗಲೂ ನಮಗೇ ಕೂಲಿ ಸಿಗಲಿ ಎಂದು ಯೂನಿಯನ್ ಕೇಳಬೇಕು. ಆ ಕೆಲಸವನ್ನು ಮಾಡಿಸದೆ ಹೋದವನು ನಮ್ಮ ನೆಲವನ್ನು ಮಾತ್ರವಲ್ಲ, ನಮಗೆ ಬರಬೇಕಾದ ಕೂಲಿಯನ್ನೂ ಹೊತ್ತುಕೊಂಡು ಹೋಗಿದ್ದಾನೆ.

ವಿಮೋಚನಕಾಂಡದ 21ನೆಯ ಅಧ್ಯಾಯ, 33 ಮತ್ತು 34ನೆಯ ವಚನಗಳನ್ನು ಈ ಭಾನುವಾರ ಮನೆಯಲ್ಲಿ ಓದಿರಿ. ಗುಂಡಿ ತೆರೆದು ಮುಚ್ಚದೆ ಬಿಟ್ಟಲ್ಲಿ ಇನ್ನೊಬ್ಬನ ಎತ್ತು ಬಿದ್ದು ಸತ್ತರೆ, ಗುಂಡಿಯವನೇ ಬೆಲೆ ತೆರಬೇಕೆಂಬ ಕಟ್ಟಳೆ ಅಲ್ಲಿದೆ. ಎತ್ತಿನ ವಿಷಯದಲ್ಲೇ ದೇವರು ಇಷ್ಟು ಕಟ್ಟುನಿಟ್ಟಾದರೆ, ಪಾಡಿಯ ಮಕ್ಕಳ ವಿಷಯದಲ್ಲಿ ಲೆಕ್ಕ ಕೇಳದೆ ಬಿಟ್ಟಾನೆಯೇ?

ಆದ್ದರಿಂದ ಕೈಲಾಗುವ ಮೂರು ಕೆಲಸಗಳನ್ನು ಮಾಡೋಣ. ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅನುಮತಿ ಪತ್ರವನ್ನೂ ಅರ್ಧವಾರ್ಷಿಕ ವರದಿಯನ್ನೂ ಕೇಳೋಣ; ಬಡತನ ರೇಖೆಯ ಕಾರ್ಡು ಇದ್ದವರಿಗೆ ಆ ಹತ್ತು ರೂಪಾಯಿಯೂ ಬೇಡ, ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಇಂಗ್ಲಿಷ್, ಮಲಯಾಳಂ ಕಾಗದ ಬಂದರೆ ಶಾಲೆ ಕಲಿತ ನಮ್ಮ ಮಕ್ಕಳು ಓದಿ ಕನ್ನಡದಲ್ಲಿ ಹೇಳಲಿ. ಎರಡನೆಯದಾಗಿ, ತಪಾಸಣೆಯ ದಿನ ಪಾಡಿಯಿಂದ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು, ಹಾಜರಿರಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸೋಣ. ಮೂರನೆಯದಾಗಿ, ಮಳೆಗೆ ಮೊದಲು ಒಂದು ಸಲ, ಮಳೆಯಲ್ಲಿ ಒಂದು ಸಲ ನಾವೇ ಹೋಗಿ ನೋಡಿ ಬರೆದಿಡೋಣ.

ಮುಂದಿನ ಸಲ ಜೀಪು ಬಂದಾಗ ನಾನೊಬ್ಬನೇ ಅಲ್ಲಿ ನಿಂತಿರಬಾರದು. ಸೊಪ್ಪಿನ ಬುಟ್ಟಿ ಕೆಳಗಿಟ್ಟು ನೀವೂ ಬನ್ನಿರಿ.