ಸಿಹಿ ನೀರು ಅನ್ನೋ ಜಂಬ

ನ್ಯೂ ಹ್ಯಾಂಪ್‌ಶೈರಿನಲ್ಲಿ ನಮ್ಮವರ ಯಾರ ಮನೆಗೆ ಊಟಕ್ಕೆ ಹೋದರೂ ಈ ಮಾತು ಬಂದೇ ಬರುತ್ತೆ: "ನಮ್ಮದು ಬೋರ್‌ವೆಲ್ ನೀರು ಕಣ್ರೀ, ಕ್ಲೋರಿನ್ ವಾಸನೆ ಇಲ್ಲ, ಥೇಟ್ ಊರಿನ ಬಾವಿ ನೀರು." ನಾನೂ ನಾಲ್ಕು ವರ್ಷ ಹೀಗೇ ಜಂಬ ಕೊಚ್ಚಿದವನು. ಮಗಳಿಗೆ ಹಾಲಿನಪುಡಿ ಕಲಸಿದ್ದೂ ಅದೇ ನೀರಲ್ಲಿ. ಕಳೆದ ವರ್ಷ ಲ್ಯಾಬಿಗೆ ಕಳಿಸಿದೆ. ಲೀಟರಿಗೆ 23 ಮೈಕ್ರೋಗ್ರಾಂ ಆರ್ಸೆನಿಕ್.

ಕೇಂದ್ರದ ಮಿತಿ 10, ಈ ರಾಜ್ಯದ್ದು 5. ತಮಾಷೆ ಏನಂದ್ರೆ ಎರಡೂ ನನ್ನ ಬಾವಿಗೆ ಅನ್ವಯಿಸೋದೇ ಇಲ್ಲ. 1974ರ ಸೇಫ್ ಡ್ರಿಂಕಿಂಗ್ ವಾಟರ್ ಆ್ಯಕ್ಟ್ ಸಾರ್ವಜನಿಕ ಸರಬರಾಜಿಗೆ ಮಾತ್ರ. ಈ ದೇಶದಲ್ಲಿ 4 ಕೋಟಿಗೂ ಹೆಚ್ಚು ಜನ ಖಾಸಗಿ ಬಾವಿ ನಂಬಿದ್ದಾರೆ; ಅವರ ಪಾಡು ಅವರಿಗೆ.

ಮನೆ ಕೊಳ್ಳುವಾಗ ನೀರು ಪರೀಕ್ಷೆ ಮಾಡಿಸಲಿಲ್ಲವೇ? ಮಾಡಿಸಿದ್ದೆ. ಬ್ಯಾಕ್ಟೀರಿಯಾ ಇಲ್ಲ, "ಪಾಸ್" ಅಂದರು. ಆರ್ಸೆನಿಕ್ ಆ ಪಟ್ಟಿಯಲ್ಲೇ ಇರಲಿಲ್ಲ. ಬಾವಿಯಲ್ಲಿ ಆರ್ಸೆನಿಕ್ ಇರಬಹುದು ಅನ್ನೋ ಒಂದು ಎಚ್ಚರಿಕೆ, ಕಾಗದದ ಕಟ್ಟಿನ ಮಧ್ಯೆ ಎಲ್ಲೋ ಇತ್ತು. ಸಹಿ ಹಾಕಿದೆ, ಓದಲಿಲ್ಲ. ನನ್ನ ತಪ್ಪೇ. ಆದರೆ ಎಚ್ಚರಿಸಿ ಕೈ ತೊಳೆದುಕೊಳ್ಳೋದು ಯಾವ ಸೀಮೆ ಕಾನೂನು? ನ್ಯೂ ಜೆರ್ಸಿಯಲ್ಲಿ 2002ರಿಂದಲೇ ಬಾವಿ ಇರುವ ಮನೆ ಮಾರುವಾಗ ನೀರಿನ ಪರೀಕ್ಷೆ ಕಡ್ಡಾಯ. ಅಲ್ಲೇನು ಮನೆ ವ್ಯಾಪಾರ ನಿಂತುಹೋಯ್ತೇ? "ನನ್ನ ಜಮೀನು, ನನ್ನ ನೀರು, ಸರ್ಕಾರಕ್ಕೇನು ಕೆಲಸ" ಅನ್ನೋರಿಗೆ ಒಂದೇ ಪ್ರಶ್ನೆ: ಮಾರಿದ ಮೇಲೆ ಅದು ಯಾರ ನೀರು?

ಇನ್ನು ನಮ್ಮವರ ಸಮಾಧಾನಗಳು. "ಕುದಿಸಿ ಕುಡೀತೀವಿ." ಕುದಿಸಿದರೆ ನೀರು ಆವಿಯಾಗುತ್ತೆ, ಆರ್ಸೆನಿಕ್ ತಳದಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತೆ. "ಪಕ್ಕದ ಮನೆಯವರದ್ದು ಚೆನ್ನಾಗಿ ಬಂದಿದೆ." ಬಂಡೆಯ ಬಿರುಕು ಬೇಲಿ ನೋಡಿಕೊಂಡು ಹೋಗಲ್ಲ, ಅವರ ಫಲಿತಾಂಶ ಅವರದ್ದಷ್ಟೇ. "ರುಚಿ ಚೆನ್ನಾಗಿದೆಯಲ್ಲ?" ಆರ್ಸೆನಿಕ್ಕಿಗೆ ರುಚಿ, ಬಣ್ಣ, ವಾಸನೆ ಒಂದೂ ಇಲ್ಲ. ವರ್ಷಗಟ್ಟಲೆ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ದಾರಿ. ಅನ್ನ, ಸಾರು, ಕಾಫಿ ಎಲ್ಲಾ ಅದರಲ್ಲೇ.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಇದೇ ವಿಷ ಜನರ ಚರ್ಮದ ಮೇಲೆ ಗಾಯವಾಗಿ ಕಾಣಿಸಿತು. ಅವರಿಗೆ ಬೇರೆ ನೀರಿರಲಿಲ್ಲ. ಅಡುಗೆಮನೆ ಗ್ರಾನೈಟಿನ ಬಣ್ಣ ಆರಿಸೋಕೆ ಮೂರು ವಾರ ತಗೊಂಡ ನಮಗೆ ಯಾವ ನೆಪ ಇದೆ? ಇಲ್ಲೇ ಹುಟ್ಟಿ ಬೆಳೆದು ಈಗ ಮೊದಲ ಮನೆ ಹುಡುಕ್ತಿರೋ ಮಕ್ಕಳೇ, ಏಜೆಂಟ್ ಮುಖ ಗಂಟು ಹಾಕಿಕೊಂಡರೂ "ಆರ್ಸೆನಿಕ್ ರಿಪೋರ್ಟ್ ತೋರಿಸಿ" ಅನ್ನಿ.

ನಮ್ಮನೆ ಸಿಂಕಿನ ಕೆಳಗೆ ಈಗ ಆರ್‌ಓ ಕೂತಿದೆ. ಮುಂದೆ ಮನೆ ಮಾರುವಾಗ ಆ 23ರ ಕಾಗದವನ್ನು ಎಲ್ಲಕ್ಕಿಂತ ಮೇಲಿಟ್ಟು ಕೊಡ್ತೀನಿ. ಬೆಲೆ ಇಳಿದರೆ ಇಳೀಲಿ.