ಬೀಟ್‌ರೂಟ್ ಸ್ಟೇಷನ್

ಫ್ರಾನ್ಸ್ ರೈಲು ಅಂದ ತಕ್ಷಣ ನಮ್ಮೆಲ್ಲರ ಬಾಯಲ್ಲಿ ಬರೋದು ಟಿಜಿವಿ. 2007ರಲ್ಲಿ ಅದು ಗಂಟೆಗೆ 574.8 ಕಿ.ಮೀ. ಓಡಿದ ವಿಡಿಯೋ ಹಾಸ್ಟೆಲಿನಲ್ಲಿ ನೋಡದವರು ಕಡಿಮೆ. ಆ ರೈಲು ಎಲ್ಲಿ ನಿಲ್ಲುತ್ತೆ ಅಂತ ಮಾತ್ರ ಯಾರೂ ಕೇಳಲ್ಲ. ನಮ್ಮ ಪ್ರಕಾರ ದೊಡ್ಡ ಪ್ರಶ್ನೆ ಅದೇ.

ನಮ್ಮ ಬ್ಯಾಚಿನ ಗೆಳತಿಯೊಬ್ಬಳ ದೊಡ್ಡಪ್ಪ, ದೊಡ್ಡಮ್ಮ ಲಿಯಾನ್‌ನಲ್ಲಿ ಓದುತ್ತಿರುವ ಮಗನನ್ನು ನೋಡೋಕೆ ಹೋದವರು, ಹತ್ತು ದಿನ ಇಬ್ಬರೇ ರೈಲಿನಲ್ಲಿ ಸುತ್ತಿ ಬಂದರು. ಇಬ್ಬರಿಗೂ ಅರವತ್ತು ದಾಟಿದೆ, ದೊಡ್ಡಮ್ಮನಿಗೆ ಮಂಡಿನೋವು, ಫ್ರೆಂಚ್ ಅಂತೂ ಬರಲ್ಲ. ಹೇಗೆ ನಿಭಾಯಿಸಿದ್ರಿ ಅಂತ ಕೇಳಿದ್ದಕ್ಕೆ ದೊಡ್ಡಪ್ಪ, "ಸ್ಟೇಷನ್ನಿಂದ ಹೊರಗೆ ಬಂದ್ರೆ ಊರೇ ಎದುರಿಗೆ ಇರ್ತಿತ್ತಲ್ಲಮ್ಮ" ಅಂದರಂತೆ.

ಅದು ನಿಜ. ಲಿಯಾನ್‌ನಿಂದ ದಿಜೋನ್ ಕಡೆಗೆ ಹೋಗುವ ಟಿಇಆರ್, ಅಂದರೆ ಅಲ್ಲಿನ ಪ್ರಾದೇಶಿಕ ರೈಲು, ಸುಮಾರು ಎರಡು ಗಂಟೆ ತಗೊಳ್ಳುತ್ತೆ. ಸೀಟ್ ರಿಸರ್ವೇಶನ್ ಬೇಡ. ದಾರಿಯಲ್ಲಿ ಬೋನ್ ಅನ್ನೋ ಊರಲ್ಲಿ ಇಳಿದು ಸ್ವಲ್ಪ ನಡೆದರೆ ಬಣ್ಣಬಣ್ಣದ ಹೆಂಚಿನ ಛಾವಣಿಯ ಹಳೆಯ ಆಸ್ಪತ್ರೆ. 1443ರಲ್ಲಿ ನಿಕೋಲಾ ರೋಲಾಂ ಮತ್ತು ಅವನ ಹೆಂಡತಿ ಗಿಗೋನ್ ಬಡವರಿಗಾಗಿ ಕಟ್ಟಿಸಿದ್ದು. 1970ರ ದಶಕದವರೆಗೂ ಅಲ್ಲಿ ರೋಗಿಗಳು ಇದ್ದರು. ದೊಡ್ಡಮ್ಮ ಆ ಸಾಲು ಮಂಚಗಳ ಮುಂದೆ ಅರ್ಧ ಗಂಟೆ ನಿಂತಿದ್ದರಂತೆ, ಮಂಡಿನೋವು ಮರೆತು. ನೀಮ್ ಊರಲ್ಲಿ ಸ್ಟೇಷನ್ ಮುಂದಿನ ನೇರ ರಸ್ತೆ ಹಿಡಿದರೆ ಹತ್ತೇ ನಿಮಿಷಕ್ಕೆ ರೋಮನ್ನರ ಬಯಲು ರಂಗಮಂದಿರ. ಅವಿನ್ಯೋನ್‌ನಲ್ಲಂತೂ ಹಳೇ ಸ್ಟೇಷನ್ ಎದುರಿಗೇ ಕೋಟೆ ಗೋಡೆ, ಬಾಗಿಲು ದಾಟಿ ನಡೆದರೆ 14ನೇ ಶತಮಾನದ ಪೋಪ್‌ಗಳ ಅರಮನೆ.

ಈಗ ಇನ್ನೊಂದು ಮುಖ. ಅತಿವೇಗದ ಹಳಿಗೆ ದೊಡ್ಡ ತಿರುವು ಬೇಕು, ಸುಮಾರು 4 ಕಿ.ಮೀ. ತ್ರಿಜ್ಯ. ಅದನ್ನ ಹಳೇ ಊರಿನ ಮಧ್ಯೆ ಎಳೆಯೋಕಾಗಲ್ಲ. ಹಾಗಾಗಿ ಕೆಲವು ಕಡೆ ಸ್ಟೇಷನ್ ಊರಾಚೆ ಹೋಯ್ತು. 1994ರಲ್ಲಿ ಅಮಿಯಾಂ ಮತ್ತು ಸಾಂ ಕಾಂತಾಂ ಊರುಗಳ ನಡುವೆ ಹೊಲದಲ್ಲಿ ಒಂದು ಟಿಜಿವಿ ಸ್ಟೇಷನ್ ಕಟ್ಟಿದರು. ಮಾಮೂಲಿ ರೈಲು ಅಲ್ಲಿಗೆ ಬರಲ್ಲ, ಬಸ್ಸೋ ಕಾರೋ ಹಿಡೀಬೇಕು. ಜನ ಅದಕ್ಕೆ ಇಟ್ಟ ಹೆಸರು 'ಬೀಟ್‌ರೂಟ್ ಸ್ಟೇಷನ್'. ಅಮಿಯಾಂನ ಜಗತ್ಪ್ರಸಿದ್ಧ ಕಥೀಡ್ರಲ್ ಇರೋದು ಅಲ್ಲಿಂದ ಹತ್ತಾರು ಕಿಲೋಮೀಟರ್ ದೂರ! ಅವಿನ್ಯೋನ್‌ಗೂ 2001ರಲ್ಲಿ ಊರಾಚೆ ಹೊಸ ಸ್ಟೇಷನ್ ಬಂತು. ಕಟ್ಟಡ ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನ ಹಳೇ ಸ್ಟೇಷನ್‌ಗೆ ಜೋಡಿಸುವ ರೈಲು ಶುರುವಾಗಿದ್ದು 2013ರಲ್ಲಿ. ಹನ್ನೆರಡು ವರ್ಷ ಸೂಟ್‌ಕೇಸ್ ಹಿಡಿದು ಬಸ್ ಕಾದವರ ಸಮಯವನ್ನ ಯಾವ ಟೈಮ್‌ಟೇಬಲ್ಲೂ ಲೆಕ್ಕಕ್ಕೆ ತಗೊಂಡಿಲ್ಲ.

ತಮಾಷೆ ಅಂದರೆ ಫ್ರೆಂಚರ ಹತ್ತಿರ ಮೊದಲಿಂದಲೂ ಒಳ್ಳೆ ಉತ್ತರ ಇತ್ತು. ಟಿಜಿವಿ ಹಳಿಯ ಅಗಲ ಹಳೇ ಹಳಿಯಷ್ಟೇ, 1435 ಮಿ.ಮೀ. ಹೊಸ ಮಾರ್ಗದಲ್ಲಿ 25 ಕಿಲೋವೋಲ್ಟ್ ಎಸಿ, ಆಗ್ನೇಯ ಫ್ರಾನ್ಸಿನ ಹಳೇ ಮಾರ್ಗಗಳಲ್ಲಿ 1500 ವೋಲ್ಟ್ ಡಿಸಿ. 1981ರ ಮೊದಲ ರೈಲುಗಳೇ ಎರಡರಲ್ಲೂ ಓಡ್ತಿದ್ದವು. ಅಂದರೆ ಬಯಲಿನಲ್ಲಿ ಹಾರಿಕೊಂಡು ಬಂದು, ಊರು ಹತ್ತಿರ ಬಂದಾಗ ಹಳೇ ಹಳಿಗೆ ಇಳಿದು, ನಿಧಾನವಾಗಿ ಊರೊಳಗಿನ ಸ್ಟೇಷನ್‌ಗೇ ಹೋಗಬಹುದು. ದಿಜೋನ್‌ಗೆ ಟಿಜಿವಿ ಇವತ್ತಿಗೂ ಹೀಗೇ ಬರುತ್ತೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಗೆಳೆಯರೇ, ನಮಗೆ 574.8ಕ್ಕಿಂತ ದೊಡ್ಡ ಸಾಧನೆ ಅನ್ಸೋದು ಇದು. ರೀಲ್ಸ್ ಮಾಡೋಕೆ ಬರಲ್ಲ ಅಷ್ಟೆ.

ಇದನ್ನ ಇಲ್ಲಿ ಬರೆಯೋಕೆ ಕಾರಣ ಇದೆ. ಮುಂಬೈ-ಅಹಮದಾಬಾದ್ ಬುಲೆಟ್ ಟ್ರೇನ್ ಹಳಿ 1435 ಮಿ.ಮೀ., ನಮ್ಮ ಬ್ರಾಡ್‌ಗೇಜ್ 1676. ಒಂದು ಇನ್ನೊಂದಕ್ಕೆ ಇಳಿಯೋಕಾಗಲ್ಲ. ಆಯ್ಕೆಗೆ ಕಾರಣಗಳಿವೆ, ಜಪಾನಿನ ತಂತ್ರಜ್ಞಾನ ಬರ್ತಿದೆ, ಒಪ್ಪೋಣ. ಅಹಮದಾಬಾದ್‌ನಲ್ಲಿ ಈಗಿರೋ ಸ್ಟೇಷನ್ ಜಾಗದಲ್ಲೇ ಕಟ್ತಿದ್ದಾರೆ, ಅದೂ ಸರಿ. ಆದರೆ ಸೂರತ್‌ನ ಸ್ಟೇಷನ್ ಊರಾಚೆ ಅಂತ್ರೋಲಿ ಹತ್ತಿರ. ಹಳಿ ಜೋಡಿಸೋಕೆ ಆಗದಿದ್ದ ಮೇಲೆ ಸ್ಟೇಷನ್ ಜಾಗ ಇನ್ನೂ ಮುಖ್ಯ ಆಗುತ್ತೆ, ಯಾಕಂದ್ರೆ ಆಮೇಲೆ ತಿದ್ದುವ ದಾರಿಯೇ ಇರಲ್ಲ.

"ಮೆಟ್ರೋ ಹಾಕಿದ್ರಾಯ್ತು ಬಿಡಿ" ಅಂತ ಸೀನಿಯರ್ ಒಬ್ಬರು ಅಂದರು. ಹಾಕ್ತಾರೆ, ಯಾವಾಗ? ಅವಿನ್ಯೋನ್‌ನಲ್ಲಿ ಹನ್ನೆರಡು ವರ್ಷ ಆಯ್ತು.

ಚೆನ್ನೈ-ಬೆಂಗಳೂರು-ಮೈಸೂರು ಅತಿವೇಗದ ಮಾರ್ಗದ ಪ್ರಸ್ತಾವ ಇದೆ. ಮೈಸೂರಿನ ಸ್ಟೇಷನ್ ಎಲ್ಲಿ, ಅಲ್ಲಿಂದ ಅರಮನೆಗೆ ಮಂಡಿನೋವಿನ ದೊಡ್ಡಮ್ಮ ಹೇಗೆ ಹೋಗ್ತಾರೆ ಅಂತ ಈಗಲೇ ಕೇಳಬೇಕು. ಜಮೀನು ಸ್ವಾಧೀನ ಮುಗಿದ ಮೇಲೆ ಕೇಳಿದರೆ ಬಸ್ ನಂಬರ್ ಹೇಳ್ತಾರೆ.