ಯಾರ ಸಮಯಕ್ಕಾಗಿ ಈ ಕಾಯುವಿಕೆ?

"ತಾಳಿಕೊಳ್ಳಮ್ಮಾ, ದೇವರ ಸಮಯ ಬರಲಿ." ಗಂಡನ ಏಟು ತಿಂದು ಪಾದ್ರಿಗಳ ಬಾಗಿಲಿಗೆ ಬಂದ ಕ್ರೈಸ್ತ ಹೆಣ್ಣುಮಗಳಿಗೆ ಬಹಳ ಸಲ ಸಿಗುವ ಉತ್ತರ ಇದು. ಒಂದು ಪ್ರಾರ್ಥನೆ, ಗಂಡನಿಗೆ ನಾಲ್ಕು ಬುದ್ಧಿಮಾತು, ಆಮೇಲೆ ಅವಳನ್ನು ಮತ್ತೆ ಅದೇ ಮನೆಗೆ ಕಳುಹಿಸುವುದು. ಹಿಂದೂ ಮನೆಗಳಲ್ಲಿ ಹಣೆಬರಹ, ಕರ್ಮ ಎಂಬ ಮಾತುಗಳು ಮಾಡುವ ಕೆಲಸವನ್ನೇ ಇಲ್ಲಿ 'ದೇವರ ಸಮಯ' ಮಾಡುತ್ತಿದೆ.

ಧರ್ಮಸೇವೆಯಲ್ಲಿರುವವರು ದೇವರ ಸಮಯವನ್ನು ನಂಬುವುದರಲ್ಲಿ ತಪ್ಪೇನಿಲ್ಲ. ದುಡಿದದ್ದು ಇಂದೇ ಫಲ ಕೊಡಲಿಲ್ಲವೆಂದು ಎದೆಗುಂದದಿರಲು ಆ ನಂಬಿಕೆ ಬೇಕು. ಆದರೆ ಅದು ಬೋಧಕರು ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತು. ಏಟು ತಿನ್ನುವವಳಿಗೆ ಅದನ್ನು ಹೇಳಿದರೆ, ಹೊಡೆಯುವವನಿಗೆ ಇನ್ನಷ್ಟು ಕಾಲಾವಕಾಶ ಕೊಟ್ಟಂತೆ. ಚರ್ಚಿನ ಜಮೀನು ಒತ್ತುವರಿಯಾದರೆ ವಕೀಲರ ಬಳಿ ಹೋಗಲು ಸಭೆಯ ಹಿರಿಯರು ದೇವರ ಸಮಯಕ್ಕೆ ಕಾಯುತ್ತಾರೆಯೇ?

ಬೈಬಲ್ಲನ್ನೇ ತೆರೆದು ನೋಡೋಣ. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, 18 ವರ್ಷಗಳಿಂದ ನಡು ಬಗ್ಗಿಹೋಗಿದ್ದ ಹೆಂಗಸನ್ನು ಯೇಸುಸ್ವಾಮಿ ಸಬ್ಬತ್ ದಿನದಂದೇ ಗುಣಪಡಿಸುತ್ತಾರೆ. ಉಳಿದ ಆರು ದಿನಗಳಿವೆಯಲ್ಲ, ಆಗ ಬರಬಾರದೇ ಎಂದು ಸಭಾಮಂದಿರದ ಅಧಿಕಾರಿ ಸಿಡುಕುತ್ತಾನೆ. ಇದು ಕಪಟವೆಂದು ಯೇಸು ಅವನ ಬಾಯಿ ಮುಚ್ಚಿಸುತ್ತಾರೆ. ಇನ್ನೊಂದು ದಿನವೂ ಅವಳನ್ನು ಕಾಯಿಸಲು ಒಪ್ಪದವರ ಹೆಸರಿನಲ್ಲಿ ನಮ್ಮ ಬೋಧಕರು ಯಾವ ಬಾಯಿಂದ 'ಕಾಯಮ್ಮಾ' ಎನ್ನುತ್ತಾರೆ?

ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಹಾಗೆ ಹೇಳುವುದಿಲ್ಲ. ಸಂಗಾತಿಯಿಂದ ತನಗಾಗಲಿ ಮಕ್ಕಳಿಗಾಗಲಿ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಇರಲು ಅದರ 1153ನೆಯ ನಿಯಮ ಅವಕಾಶ ಕೊಡುತ್ತದೆ. ತಡಮಾಡಿದರೆ ಅಪಾಯವೆಂದಾದಲ್ಲಿ ಬಿಷಪ್ಪರ ಆದೇಶಕ್ಕೂ ಕಾಯಬೇಕಿಲ್ಲ. ಮದುವೆಗೆ ಮುಂಚಿನ ತರಬೇತಿಯಲ್ಲಿ ಎಷ್ಟು ಹುಡುಗಿಯರಿಗೆ ಇದನ್ನು ಓದಿ ಹೇಳುತ್ತಾರೆ?

ಕ್ರೈಸ್ತ ಮಹಿಳೆ ಕಾದದ್ದು ಸಾಲದೇ? 1869ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಗಾದರೋ ಕೇವಲ ಹೊಡೆತ ಬಡಿತ ಸಾಕಾಗುತ್ತಿರಲಿಲ್ಲ. ಕ್ರೌರ್ಯದ ಜೊತೆಗೆ ಗಂಡನ ವ್ಯಭಿಚಾರವನ್ನೂ ಸಾಬೀತುಪಡಿಸಬೇಕಿತ್ತು. ಕ್ರೌರ್ಯವೊಂದೇ ಸಾಕೆಂಬ ತಿದ್ದುಪಡಿ ಬಂದದ್ದು 2001ರಲ್ಲಿ, 132 ವರ್ಷಗಳ ನಂತರ. ಅದು ಆಕಾಶದಿಂದ ಇಳಿದು ಬರಲಿಲ್ಲ. ಮಹಿಳೆಯರು ಮನವಿ ಹಿಡಿದು ಓಡಾಡಿದ್ದರಿಂದ, ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಬಂತು.

ವರದಕ್ಷಿಣೆ ಸಾವಿನ ಕಾನೂನು ಮದುವೆಯಾದ ಮೊದಲ ಏಳು ವರ್ಷಗಳನ್ನು ಲೆಕ್ಕ ಹಿಡಿಯುತ್ತದೆ. 1986ರಲ್ಲಿ ದಂಡಸಂಹಿತೆಗೆ ಸೇರಿದ ಈ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 80ನೆಯದು. 'ಹೊಂದಿಕೊಂಡು ಹೋಗು' ಎಂಬ ಉಪದೇಶ ಹೆಚ್ಚಾಗಿ ಕೇಳಿಬರುವುದೂ ಇದೇ ವರ್ಷಗಳಲ್ಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಅರ್ಜಿ ಕೊಟ್ಟರೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು. ನ್ಯಾಯಾಲಯಕ್ಕೇ ಇಷ್ಟು ಆತುರವಿರಬೇಕಾದರೆ ಚರ್ಚಿಗೆ ಏಕಿರಬಾರದು?

ಚರ್ಚುಗಳಿಂದ ನಾವು ಕೇಳುವುದು ಕಷ್ಟದ್ದೇನಲ್ಲ. ಮದುವೆಗೆ ಅಡ್ಡಿಯುಂಟೇ ಎಂದು ಮೂರು ಸಲ ಪ್ರಕಟಣೆ ಓದುವವರು, ವರದಕ್ಷಿಣೆ ಮಾತಾಗಿದೆಯೇ ಎಂದೂ ಕೇಳಲಿ. ಆಗಿದ್ದರೆ ಆ ಮದುವೆ ಮಾಡಿಸದಿರಲಿ. 1961ರಿಂದಲೂ ಅದು ಅಪರಾಧ. ಏಟು ತಿಂದು ಬಂದವಳನ್ನು ಆ ರಾತ್ರಿ ವಾಪಸು ಕಳುಹಿಸದೆ ಇರಲು ಜಾಗ ಕೊಡಲಿ, ಸಂರಕ್ಷಣಾಧಿಕಾರಿಗೆ ತಿಳಿಸಲು ಅವಳಿಗೆ ನೆರವಾಗಲಿ. ಪ್ರಾರ್ಥನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಮೊದಲು ಅವಳ ಜೀವ ಉಳಿಯಲಿ.